ರೋಮಿನ ಗಾಡಿಯಲ್ಲಿ ಅತ್ತೆ

ಎಡಗಾಲಿಯ ಕಡಾಣಿಯನ್ನು ನಾನು ಹಾಕಲಿಲ್ಲ. ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಕಬ್ಬಿಣದ ಕೀಲು ಅದು. ಕೀಲೆಣ್ಣೆ ಹಚ್ಚಿ ಗಾಲಿ ಏರಿಸುವುದು ಅಣ್ಣನ ಕೆಲಸ, ಕಡಾಣಿ ಹಾಕುವುದು ನನ್ನದು.

ಅದು ನಯಾಪೈಸೆ ಬಂದ ವರ್ಷ. ನನ್ನನ್ನು ನಾಲ್ಕನೇ ತರಗತಿಗೇ ಶಾಲೆ ಬಿಡಿಸಿದ್ದರು. ಅಣ್ಣ ಶಿಕಾರಿಪುರದ ಹೈಸ್ಕೂಲಿನಲ್ಲಿ ಕೇಳಿದ್ದನ್ನೆಲ್ಲ ರಜೆಯಲ್ಲಿ ಬಂದು ನನಗೆ ಹೇಳುತ್ತಿದ್ದ. ಆ ಸಲ ಹೇಳಿದ್ದು ಹಿಂದಿನ ಕಾಲದ ರೋಮಿನ ಗಾಡಿಗಳ ವಿಷಯ. ಹೇಸರಗತ್ತೆ ಕಟ್ಟಿದ ನಾಲ್ಕು ಗಾಲಿಯ ಗಾಡಿಯಲ್ಲಿ ಸಾಹುಕಾರರು ಹಾಸಿಗೆ ಹಾಸಿ, ನಿದ್ದೆ ಹೊಡೆಯುತ್ತಲೇ ಊರು ಸೇರುತ್ತಿದ್ದರಂತೆ. ಒಬ್ಬ ದೊರೆಯಂತೂ ಒಳಗೇ ದಾಯದ ಮಣೆ ಕೂರಿಸಿಕೊಂಡಿದ್ದನಂತೆ, ಗಾಡಿ ಕುಲುಕಿದರೂ ಆಟ ಕೆಡದ ಹಾಗೆ.

ನಮ್ಮನೆಗೆ ಬಂದಿದ್ದ ಅತ್ತೆಯನ್ನು ಸೊರಬದ ಕಡೆ ಜಡೆ ಅನ್ನೋ ಅವಳ ಊರಿಗೆ ಬಿಟ್ಟು ಬರಬೇಕಿತ್ತು. ಅಪ್ಪ ಮೊದಲ ಸಲ ಗಾಡಿಯನ್ನು ಅಣ್ಣನ ಕೈಗೆ ಕೊಟ್ಟ. "ಇದೊಂದು ಸುಸೂತ್ರ ಆದ್ರೆ ಸುಗ್ಗೀಲಿ ಗಾಡಿ ಹೊಡೆಯೋನು ನೀನೇ ಕಣೋ" ಅಂದ. ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ನನ್ನವೂ.

ಗಾಡಿಯ ಕಮಾನಿನೊಳಗೆ ಹುಲ್ಲು ಹರಡಿ, ಮೇಲೆ ಕೌದಿ, ದಿಂಬು ಹಾಕಿದೆ. ಹಲಗೆಯ ಮೇಲೆ ಸುಣ್ಣದಲ್ಲಿ ಚೌಕಾಬಾರ ಬರೆಯುತ್ತ ಅಲ್ಲೇ ಕೂತುಬಿಟ್ಟೆ.

"ಕಡಾಣಿ ಹಾಕಿದ್ಯೇನೇ?" ಅಣ್ಣ ಕೇಳಿದ.

ಬಲಗಡೆಯದು ಹಾಕಿದ ನೆನಪಿತ್ತು. "ಎರಡೂ ಹಾಕೀನಿ, ಹೊಡಿ" ಅಂದೆ.

ಅತ್ತೆ ದಪ್ಪನೆಯ ಹೆಂಗಸು. ದಿಂಬಿಗೊರಗಿ ಕಾಲು ಚಾಚಿ, "ರೋಮಿನ ರಾಣಿಗೆ ಎಲೆಅಡಿಕೆ ಯಾರು ಕೊಡ್ತೀರೋ?" ಅಂದಳು. ತೊಗರ್ಸಿ ದಾಟುವಷ್ಟರಲ್ಲಿ ನನ್ನ ಕಾಯಿಗಳನ್ನೆಲ್ಲ ಹೊಡೆದಿದ್ದಳು. ಇಳಿಜಾರಿನಲ್ಲಿ ಎತ್ತುಗಳು ಓಡಿದವು, ನಾವು ಕೂಗಿದೆವು, ಕವಡೆಗಳು ಕುಣಿದವು. ಆಗ ಎಡಗಾಲಿ ನಮ್ಮನ್ನು ಬಿಟ್ಟು ತಾನೊಂದೇ ಮುಂದೆ ಹೋಗಿ, ಗದ್ದೆಗಿಳಿದು, ಗಿರಕಿ ಹೊಡೆದು ಮಲಗಿತು. ಗಾಡಿ ವಾಲಿತು. ಅತ್ತೆ ಹಾಸಿಗೆ ಸಮೇತ ಜಾರಿ ರಸ್ತೆಬದಿಯ ಹುಲ್ಲಿನಲ್ಲಿ ಕೂತಳು.

"ಏನೂ ಆಗಿಲ್ಲ ಕಣ್ರೋ. ರೋಮಿನೋರು ಇಳಿಯೋದೂ ಹಿಂಗೇ ಏನು?"

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಣ್ಣ ಮಾತ್ರ ಬರಿಯ ಅಚ್ಚನ್ನು ನೋಡಿದ, ಆಮೇಲೆ ನನ್ನನ್ನು.

ದಾರಿಹೋಕರು ಗಾಲಿ ಏರಿಸಿ, ಕಡಾಣಿಯ ಬದಲು ಮರದ ಗೂಟ ಬಡಿದುಕೊಟ್ಟರು, ಜಡೆ ಮುಟ್ಟಿ ಬಂದೆವು. ಸುದ್ದಿ ನಮಗಿಂತ ಮೊದಲೇ ಮನೆ ಸೇರಿತ್ತು. "ಕಡಾಣಿ ನೋಡದೇ ಇರೋನು ಗಾಡಿ ಮುಟ್ಟಬೇಡ" ಎಂದು ಅಪ್ಪ ಚಾಟಿ ಕಿತ್ತುಕೊಂಡ. ಅಣ್ಣ ನನ್ನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಸುಗ್ಗಿ ಬಂತು. ಅಪ್ಪ ಗಾಡಿ ಹೊಡೆದ, ನಾನು ಹೊರೆಯ ಮೇಲೆ ಕೂತು ಹೋದೆ, ಅಣ್ಣ ಧೂಳು ಕುಡಿಯುತ್ತ ಹಿಂದೆ ನಡೆದ. ನನ್ನನ್ನು ನಗಿಸಲು ಒಂದಷ್ಟು ದೂರ ಬೆನ್ನು ಮುಂದಾಗಿ ನಡೆದು ತೋರಿಸಿದ. ನನಗೆ ನಗು ಬರಲಿಲ್ಲ.

"ಅಪ್ಪಾ, ಗಾಡಿ ನಿಲ್ಸು. ಕಡಾಣಿ ಹಾಕೀನಿ ಅಂತ ಅಣ್ಣಗೆ ಸುಳ್ಳು ಹೇಳಿದ್ದು ನಾನು."

ಹೊರೆಯಿಂದ ಇಳಿದು ಅಣ್ಣನ ಹತ್ತಿರ ಹೋದೆ.

"ತಪ್ಪಾತು ಅಣ್ಣಾ. ನಿನ್ನ ಬೈಯೋವಾಗ ಬಾಯಿ ಮುಚ್ಕೊಂಡು ನಿಂತಿದ್ದೆ."