ಕೆಳಗೆ ಕೂತಿದ್ದ ಗಂಡ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಚಳ್ಳಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ವಯಸ್ಸು ಮೂವತ್ತನಾಲ್ಕು, ಮದುವೆಯಾಗಿರಲಿಲ್ಲ. ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ. ವಾರವೆಲ್ಲ ಶೇಂಗಾ ವ್ಯಾಪಾರಿಗಳ ಟ್ರಂಕ್ ಕಾಲ್ ಜೋಡಿಸಿ, "ಮಾತಾಡಿ" ಎಂದು ಹೇಳಿ ಪಕ್ಕಕ್ಕೆ ಸರಿಯುವುದು ನನ್ನ ಕೆಲಸ. ಭಾನುವಾರ ಬಂದರೆ ನನ್ನೊಂದಿಗೆ ಮಾತಾಡುವವರೇ ಇರುತ್ತಿರಲಿಲ್ಲ. ಕೋಣೆಯಲ್ಲಿ ಕೂರಲಾಗದೆ ಮೊಳಕಾಲ್ಮೂರಿನ ಬಸ್ ಹತ್ತುತ್ತಿದ್ದೆ.

ಬಿ.ಜಿ. ಕೆರೆ ದಾಟಿ ಇನ್ನಷ್ಟು ದೂರ ಹೋದರೆ ಒಂದು ಕಲ್ಲುಗುಡ್ಡ, ಅದರ ನೆತ್ತಿಯಲ್ಲಿ ಈಶ್ವರನ ಗುಡಿ, ಬುಡದಲ್ಲಿ ಕೆರೆ. ಆ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು. ನಡುವಿನ ದಿಬ್ಬ ನಡುಗಡ್ಡೆಯಾಗಿತ್ತು. ಅಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು ಗುಡಿಸಲು ಹಾಕಿಕೊಂಡಿದ್ದಳು.

ಮೊದಲ ಸಲ ಗುಡ್ಡ ಹತ್ತಿದಾಗ, ಗುಡಿಯ ವಯಸ್ಸಾದ ಅಯ್ಯನೋರು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಮೆಟ್ಟಿಲ ಕಡೆ ನೋಡಿದರು.

"ಯಜಮಾನ್ರು ಬರ್ಲಿಲ್ವೇನ್ರಿ?"

"ಕೆಳಗೆ ಕೂತಿದಾರೆ," ಎಂದೆ. "ಮೊಣಕಾಲು ನೋವು, ಹತ್ತೋಕಾಗಲ್ಲ."

ಏಕೆ ಹಾಗೆಂದೆನೋ ತಿಳಿಯದು. ಅವರು ಮುತ್ತುಗದ ಎಲೆಯ ಎರಡು ದೊನ್ನೆಗಳಲ್ಲಿ ಮೊಸರನ್ನ ಹಾಕಿ, "ಅವ್ರಿಗೂ ಒಯ್ರಿ" ಎಂದರು.

ಕೆಳಗಿಳಿದು ನನ್ನ ಪಾಲು ತಿಂದೆ. ಎರಡನೆಯದನ್ನು ಏನು ಮಾಡಲಿ? ಮೀನು ಹಿಡಿಯುವವರ ಹರಿಗೋಲಿನಲ್ಲಿ ನಡುಗಡ್ಡೆಗೆ ಹೋಗಿ ಮುದುಕಿಗೆ ಕೊಟ್ಟೆ. ಅವಳು ಅರ್ಧ ತೆಲುಗಿನಲ್ಲಿ ಏನೋ ಹೇಳುತ್ತ ತಿಂದಳು. ನನ್ನ ಜೊತೆ ಯಾರಿದ್ದಾರೆ ಎಂದು ಅವಳು ಕೇಳಬೇಕಿರಲಿಲ್ಲ. ನಾನೊಬ್ಬಳೇ ಬಂದಿರುವುದು ಹರಿಗೋಲು ದಡ ಬಿಟ್ಟಾಗಲೇ ಅವಳಿಗೆ ಕಾಣುತ್ತಿತ್ತು.

ಹೀಗೆ ನಾಲ್ಕು ತಿಂಗಳು ನಡೆಯಿತು. ಅಯ್ಯನೋರು ಪ್ರತಿ ವಾರ ನೋವು ಹೇಗಿದೆಯೆಂದು ವಿಚಾರಿಸುವರು. ನಾನು ಒಂದು ವಾರ ಪರವಾಗಿಲ್ಲ ಎನ್ನುವೆ, ಇನ್ನೊಂದು ವಾರ ಜಾಸ್ತಿಯಾಗಿದೆ ಎನ್ನುವೆ. ಬಸ್ಸಿನಲ್ಲಿ ಕೂತು ಉತ್ತರ ಯೋಚಿಸಿಕೊಳ್ಳುವುದು ನನಗೆ ಇಷ್ಟವಾಗತೊಡಗಿತ್ತು.

ಒಂದು ಭಾನುವಾರ ಅವರು ಗುಡಿಗೆ ಬೀಗ ಹಾಕಿ ಸೀಸೆಯೊಂದನ್ನು ಹಿಡಿದು ನಿಂತಿದ್ದರು.

"ನಡೀರಿ, ನಾನೂ ಬರ್ತೀನಿ. ಈ ಎಣ್ಣೆ ಹೆಂಗ್ ತಿಕ್ಕಬೇಕು ಅಂತ ಅವ್ರಿಗೇ ತೋರಿಸ್ತೀನಿ."

ಬೇಡವೆಂದರೂ ಕೇಳಲಿಲ್ಲ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಇಳಿಯುತ್ತಿದ್ದರು. ಅವರಿಗೇ ಮೊಣಕಾಲು ನೋವಿತ್ತು. ಅರ್ಧ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ಅಯ್ಯನೋರೆ, ಕೆಳಗೆ ಯಾರೂ ಇಲ್ಲ. ನಾನು ಒಬ್ಬಳೇ ಬರೋದು. ನನಗೆ ಮದುವೆ ಆಗಿಲ್ಲ."

ಅವರು ಸೀಸೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಎರಡು ದಿನ ಕಾಸಿದ್ದೆ," ಎಂದಷ್ಟೇ ಹೇಳಿ ತಿರುಗಿ ಹತ್ತತೊಡಗಿದರು. ಸಹಾಯಕ್ಕೆ ಕೈ ಚಾಚುವ ಧೈರ್ಯ ನನಗಾಗಲಿಲ್ಲ.

ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಭಾನುವಾರಗಳಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ. ಕೊನೆಗೆ ಹೋದೆ. ಅವರು ದೀಪ ಒರೆಸುತ್ತಿದ್ದರು.

"ಬಾರವ್ವ," ಎಂದರು. ಅದುವರೆಗೆ ಅವರು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಒಂದೇ ದೊನ್ನೆ ಕೊಟ್ಟರು. "ಇಲ್ಲೇ ಕುಂತು ಉಣ್ಣು. ಕೆಳಕ್ಕೆ ಒಯ್ಯೋದು ಬ್ಯಾಡ."

ಕಂಬಕ್ಕೊರಗಿ ತಿಂದೆ. ಅವರು ಆಚೆ ಮುಖ ಮಾಡಿ ತಮ್ಮ ಕೆಲಸ ಮಾಡಿಕೊಂಡಿದ್ದರು. ಸುಳ್ಳಿನ ಬಗ್ಗೆ ಅವತ್ತಾಗಲಿ ಆಮೇಲಾಗಲಿ ಒಂದು ಮಾತೂ ಆಡಲಿಲ್ಲ. ಆದರೆ ಹಿಂದಿನಂತೆ ಏನನ್ನೂ ವಿಚಾರಿಸಲೂ ಇಲ್ಲ. ಗಂಡನಿದ್ದಾಗ ನಮ್ಮಿಬ್ಬರಿಗೆ ಆಡಲು ಎಷ್ಟೊಂದು ಮಾತಿತ್ತು ಎಂದು ಅನಿಸುತ್ತಿತ್ತು.

ಮುಂದಿನ ವರ್ಷ ನನಗೆ ವರ್ಗವಾಯಿತು. ಹೇಳಿ ಹೋಗೋಣವೆಂದು ರಜೆ ಹಾಕಿ ಬುಧವಾರ ಗುಡ್ಡ ಹತ್ತಿದೆ. ಗುಡಿಗೆ ಬೀಗವಿತ್ತು. ಭಾನುವಾರ ಬಿಟ್ಟು ಬೇರೆ ದಿನ ಅವರು ಎಲ್ಲಿರುತ್ತಾರೆಂದು ನಾನು ಯಾವತ್ತೂ ಕೇಳಿರಲಿಲ್ಲ. ಸಂಜೆಯ ಬಸ್ಸಿನ ಹೊತ್ತಿನವರೆಗೆ ಕಟ್ಟೆಯ ಮೇಲೆ ಕೂತಿದ್ದು ಇಳಿದು ಬಂದೆ.