ಗುಡ್ಡಕ್ಕೆ ಬೆಂಕಿ ಬಿದ್ದ ದಿನ

ನಮ್ಮೂರು ಇರುವುದು ಸಾಣಾಪುರದ ಆಚೆ, ಬಂಡೆಗುಡ್ಡಗಳ ನಡುವೆ. ಸುತ್ತಲೂ ಕುರುಚಲು ಕಾಡು, ಗುಡ್ಡದ ಮೈತುಂಬ ಸೀತಾಫಲದ ಗಿಡ. ಮೊದಲು ಊರು ಇದ್ದದ್ದು ಗುಡ್ಡದ ಮೇಲೆಯೇ. ನಿಜಾಮನ ಕಾಲದಲ್ಲಿ ಮೇಲಿನ ಬಾವಿ ಬತ್ತಿ, ಜನ ಕೆಳಗಿಳಿದರಂತೆ. ಅರ್ಧ ಬಿದ್ದ ಕೋಟೆಗೋಡೆ, ಕಾಳು ಕುಟ್ಟಲು ಬಂಡೆಯಲ್ಲಿ ಕೊರೆದ ಕುಳಿಗಳು ಅಲ್ಲೇ ಉಳಿದಿವೆ. ನನ್ನ ಸೋದರತ್ತೆ ಅದನ್ನು ಹಳೇ ಊರು ಎಂದರೆ ಒಪ್ಪುತ್ತಿರಲಿಲ್ಲ.

“ನಮ್ಮೂರು ಮ್ಯಾಲ ಐತಿ. ನಾವು ಕೆಳಗ ಬಂದು ಕುಂತೀವಿ, ಅಷ್ಟ,” ಅನ್ನುತ್ತಿದ್ದಳು.

ಮಳೆಗಾಲ ಮುಗಿಯುತ್ತಲೇ ಅತ್ತೆ ಬಿದಿರಿನ ಪುಟ್ಟಿ ಹೊತ್ತು ಗುಡ್ಡ ಹತ್ತುತ್ತಿದ್ದಳು. ಹಣ್ಣು ಕಿತ್ತು ಗಂಗಾವತಿಯಲ್ಲಿ ಮಾರುತ್ತಿದ್ದಳು. ಪ್ರತಿ ಗಿಡದಲ್ಲೂ ಒಂದಿಷ್ಟು ಬಿಟ್ಟು ಬರುತ್ತಿದ್ದಳು, ಕರಡಿಗೆಂದು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗುಡ್ಡದ ಹಿಂದಿನಿಂದ ಹೊಗೆ ಎದ್ದಿತು. ಬೆಂಕಿ ಹೇಗೆ ಬಿತ್ತೋ ಯಾರಿಗೂ ಗೊತ್ತಿಲ್ಲ. ಒಣಹುಲ್ಲು, ಮೇಲೆ ಗಾಳಿ. ಹಸಿ ಟೊಂಗೆ ಹಿಡಿದು ಬಡಿಯಲು ಹೋದ ಗಂಡಸರು ಕೆಮ್ಮುತ್ತ ವಾಪಸು ಬಂದರು. ಫೋನ್ ಮಾಡಿದ್ದಕ್ಕೆ ಅಗ್ನಿಶಾಮಕ ಗಾಡಿಯೂ ಬಂತು. ರಸ್ತೆ ಮುಗಿದಲ್ಲಿ ನಿಂತಿತು.

“ಪೈಪ್ ಅಷ್ಟು ದೂರ ಮುಟ್ಟೂದಿಲ್ರಿ. ಏನ್ ಮಾಡೂದು ಹೇಳ್ರಿ?” ಡ್ರೈವರ್ ನಮ್ಮನ್ನೇ ಕೇಳಿದ.

ಅಷ್ಟರಲ್ಲಿ ಅತ್ತೆ ನೀರಿನ ಕೊಡ ಎತ್ತಿಕೊಂಡು ಗುಡ್ಡದ ಕಡೆ ಹೊರಟಿದ್ದಳು. ಓಡಿಹೋಗಿ ಕೈ ಹಿಡಿದೆ.

“ಒಂದು ಕೊಡ ನೀರಿಂದ ಏನಾಗ್ತೈತಿ ಅತ್ತಿ?”

“ಹಂಗಾರ ನಿಂತು ನೋಡ್ಲೇನು?”

ನಾನು ಹಿಡಿದ ಕೈ ಬಿಡಲಿಲ್ಲ. ಇಬ್ಬರೂ ನಿಂತು ನೋಡಿದೆವು. ಇಡೀ ಊರೇ ನಿಂತು ನೋಡಿತು.

ಹೊತ್ತು ಇಳಿಯುವಾಗ ಹೊಗೆಯೊಳಗಿಂದ ಕರಡಿಯೊಂದು ಇಳಿದು ಬಂತು. ಬೆನ್ನ ಮೇಲೆ ಮರಿ. ಯಾರೂ ಕೂಗಲಿಲ್ಲ, ಕಲ್ಲು ಎತ್ತಲಿಲ್ಲ. ಜನ ಸರಿದು ದಾರಿ ಬಿಟ್ಟರು. ಅದು ನಮ್ಮತ್ತ ತಿರುಗಿಯೂ ನೋಡದೆ ರಸ್ತೆ ದಾಟಿ ಭತ್ತದ ಗದ್ದೆಗೆ ಇಳಿಯಿತು.

“ಕೂಸು ಕಟ್ಕೊಂಡು ಎಲ್ಲಿಗೆ ಹೋಗ್ತಾಳೋ ಪಾಪ,” ಎಂದಳು ಅತ್ತೆ. ಕೊಡ ಇನ್ನೂ ಅವಳ ಸೊಂಟದ ಮೇಲೇ ಇತ್ತು.

ಸುಡುವುದೆಲ್ಲ ಸುಟ್ಟು ಬೆಂಕಿ ತಾನಾಗಿ ಆರಿದ ಮೇಲೆ ಗುಡ್ಡ ಹತ್ತಿದೆವು. ಕೋಟೆಗೋಡೆ ಕಪ್ಪಾಗಿತ್ತು. ಕಾವಿಗೆ ಬಂಡೆಗಳು ಪದರ ಪದರವಾಗಿ ಸಿಡಿದಿದ್ದವು. ಅತ್ತೆ ಒಂದು ಕುಳಿಯ ಪಕ್ಕ ಕುಳಿತು ಸೆರಗಿನಿಂದ ಬೂದಿ ಒರೆಸಿದಳು. ಕುಳಿ ಎರಡಾಗಿ ಬಿರಿದಿತ್ತು. ನಮ್ಮಜ್ಜಿ, ಅಂದರೆ ಅವಳ ಅವ್ವ, ಜೋಳ ಕುಟ್ಟುತ್ತಿದ್ದದ್ದು ಅದರಲ್ಲೇ ಅಂತೆ.

“ಕಲ್ಲೂ ಸುಡತೈತಿ ಅಂತ ನನಗ ಗೊತ್ತಿರ್ಲಿಲ್ಲವ್ವಾ,” ಎಂದಳು.

ಮಳೆ ಬಿದ್ದ ಮೇಲೆ ಸೀತಾಫಲದ ಬುಡಗಳು ಚಿಗುರಿದವು, ಕಾಯಿ ಕಚ್ಚಲಿಲ್ಲ. ಹಣ್ಣಿನ ಕಾಲ ಬಂದಾಗ ಅತ್ತೆ ಎಂದಿನಂತೆ ಪುಟ್ಟಿ ಎತ್ತಿಕೊಂಡು ಹೊರಟಳು. ಅವಳ ಹಿಂದೆಯೇ ನಾನೂ ಗುಡ್ಡ ಹತ್ತಿದೆ.