ಕ್ಲೀನ್ ಮಾಡಿದ ಹನ್ನೊಂದು ನಿಮಿಷ

ನಮ್ಮಕ್ಕನ ಕೆಲಸ ಕೆಮ್ಮು ಕತ್ತರಿಸುವುದು. ಹೀಗೆಂದರೆ ಯಾರೂ ನಂಬುವುದಿಲ್ಲ, ಆದರೆ ಮೂವತ್ತೊಂದು ವರ್ಷ ರೇಡಿಯೊ ಕೇಂದ್ರದಲ್ಲಿ ಅವಳು ಮಾಡಿದ್ದು ಅದನ್ನೇ. ಭಾಷಣಕ್ಕೆ ಬಂದವರು ಮಾತಿನ ನಡುವೆ ಕೆಮ್ಮುವರು, ಕುರ್ಚಿ ಕಿರುಗುಟ್ಟಿಸುವರು. ಅಕ್ಕ ಟೇಪನ್ನು ಬೆರಳಿನಿಂದ ಹಿಂದೆ ಮುಂದೆ ಎಳೆದು, ಆ ಜಾಗ ಸಿಕ್ಕಿದ ಕೂಡಲೇ ಬಿಳಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು, ಉಳಿದ ತುದಿಗಳನ್ನು ಅಂಟಿಸುತ್ತಿದ್ದಳು. ಆಫೀಸಿನಲ್ಲಿ ಅವಳ ಹೆಸರು ಬ್ಲೇಡಕ್ಕ. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಕೊಯ್ದ ತುಂಡುಗಳನ್ನು ಬೇರೆಯವರು ಕಸದ ಬುಟ್ಟಿಗೆ ಹಾಕಿದರೆ ಇವಳು ಊಟದ ಡಬ್ಬಿಯಲ್ಲಿ ಮನೆಗೆ ತರುತ್ತಿದ್ದಳು. ಒಂದೊಂದಕ್ಕೂ ಚೀಟಿ: "ಪ್ರೊಫೆಸರ್, ಗಂಟಲು." "ಯಂತ್ರ ತೊದಲಿದ್ದು, ಕಾರಣ ಗೊತ್ತಿಲ್ಲ." ಭಾನುವಾರ ಬಂತೆಂದರೆ ಆಫೀಸಿನ ರೆಕಾರ್ಡರನ್ನು ಹೆಗಲಿಗೇರಿಸಿಕೊಂಡು ಹೊರಡುವಳು. ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುವುದು, ನಮ್ಮ ಮನೆಯ ಟ್ಯಾಂಕಿಗೆ ನೀರು ತುಂಬುವುದು, ಎಲ್ಲವೂ ಅವಳಿಗೆ ಬೇಕು. ಪಕ್ಕದ ಮನೆಯಾಕೆ ನಮ್ಮಮ್ಮನನ್ನು ಕೇಳಿಯೇಬಿಟ್ಟರು: "ಏನ್ರೀ, ನಿಮ್ಮ ಮಗಳು ಕರೆಂಟ್ ಕಂಬನ ಸಂದರ್ಶನ ಮಾಡ್ತಿದಾಳಾ?" ಅಮ್ಮ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಒಲೆಯ ಮೇಲೆ ಏನೋ ಇದೆಯೆಂದು ಒಳಗೆ ಹೋದಳು.

ಇವನ್ನೆಲ್ಲ ಜೋಡಿಸಿ ಅಕ್ಕ ಹನ್ನೊಂದು ನಿಮಿಷದ ಒಂದು ಟೇಪ್ ಮಾಡಿದಳು. ಅದಕ್ಕೆ ಆರು ವರ್ಷ ಹಿಡಿಯಿತು. ಅವಳ ಪ್ರಕಾರ ಅದು ಸಂಗೀತ. ಟಿಕ್ ಎನ್ನುತ್ತದೆ, ಬಹಳ ಹೊತ್ತು ಏನೂ ಇಲ್ಲ, ಮತ್ತೆ ಟಿಕ್. ಅಡಿಯಲ್ಲೆಲ್ಲೋ ನೀರು ಏರುತ್ತಿರುತ್ತದೆ. "ಅಕ್ಕ, ಇದು ಹಾಡೋ, ಕೆಟ್ಟೋಗಿರೋ ಮಿಕ್ಸಿನೋ?" ಎಂದು ನಾನು ರೇಗಿಸಿದರೆ ಅವಳು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಸಂಜೆ ಮಹಡಿಯ ಕೋಣೆಯಲ್ಲಿ ಅದನ್ನೇ ಹಾಕಿಕೊಂಡು ಕೂರುವಳು. ಕಿಟಕಿಯ ಬಿಸಿಲು ತಿರುಗುವ ಸ್ಪೂಲಿಗೆ ಬಡಿದು ಗೋಡೆಯ ಮೇಲೆ ಸುತ್ತುತ್ತಿತ್ತು. ಕೆಳಗೆ ಅಪ್ಪ ಪೇಪರು ಮಡಚುವ ಸದ್ದು, ಅಮ್ಮನ ಗೊಣಗಾಟ. ಅಂಥದೊಂದು ಸಂಜೆ ತಿರುಗಿ ಸಿಕ್ಕೀತೇ ಎಂದು ಈಗ ನನ್ನ ಜೀವ ಹಂಬಲಿಸುತ್ತದೆ.

ಅದನ್ನು ಪ್ರಸಾರ ಮಾಡಿ ಎಂದು ಅವಳು ಒಮ್ಮೆ ಮೇಲಧಿಕಾರಿಯನ್ನು ಕೇಳಿದ್ದಳು. "ಇದನ್ನ ಹಾಕಿದ್ರೆ ಜನ ರೇಡಿಯೊ ರಿಪೇರಿಗೆ ಕೊಡ್ತಾರಮ್ಮ" ಎಂದರಂತೆ. ಅಲ್ಲಿಗೆ ಟೇಪು ತಗಡಿನ ಡಬ್ಬಿ ಸೇರಿತು.

ಮೊನ್ನೆ ಮೊನ್ನೆ, ನಲವತ್ತು ವರ್ಷದ ಮೇಲೆ, ಯಾರೋ ಫೋನ್ ಮಾಡಿದರು. ಇಂಥ ಕೆಟ್ಟ ಸದ್ದುಗಳಿಂದಲೇ ಸಂಗೀತ ಮಾಡುವ ಗುಂಪೊಂದು ಈಗ ಇದೆಯಂತೆ. ಅಕ್ಕನ ವಿಷಯ ಹಳೆಯ ಸಹೋದ್ಯೋಗಿಯೊಬ್ಬರಿಂದ ಅವರಿಗೆ ತಿಳಿದಿತ್ತು. ಶನಿವಾರ ಸಭಾಂಗಣದಲ್ಲಿ ಟೇಪ್ ಕೇಳಿಸಬೇಕು, ಬರುತ್ತೀರಾ ಎಂದರು. ಎಪ್ಪತ್ತನಾಲ್ಕರ ಅಕ್ಕ ಫೋನಿಟ್ಟು, "ಅರವತ್ತು ಜನ ಕೂತ್ಕೊಂಡು ಕೇಳ್ತಾರಂತೆ ಕಣೋ" ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

ಟೇಪಿನಲ್ಲಿ ಸದ್ದು ಹಿಡಿದಿಡುವ ಕಂದು ಲೇಪ ಉದುರತೊಡಗಿತ್ತು. ಇನ್ನು ಒಂದು ಸಲ ಓಡಿದರೆ ಹೆಚ್ಚು. ಆ ಒಂದೇ ಓಟದಲ್ಲಿ ಕಂಪ್ಯೂಟರಿಗೆ ಇಳಿಸಬೇಕಿತ್ತು. ಅಕ್ಕನಿಗೆ ಮಂಡಿನೋವು, ಆದ್ದರಿಂದ ನಾನೇ ದೊಡ್ಡ ಮನುಷ್ಯನಂತೆ ಹಳೆಯ ಟೇಪ್ ಇಳಿಸಿಕೊಡುವ ಅಂಗಡಿಗೆ ಒಯ್ದೆ. "ಕ್ಲೀನ್ ಮಾಡಿ ಕೊಡ್ಲಾ ಸಾರ್?" ಎಂದ ಅಂಗಡಿಯಾತ. ನನ್ನ ತಲೆಯಲ್ಲಿದ್ದದ್ದು ಟೇಪಿನ ಮೇಲಿನ ಧೂಳು. "ಚೆನ್ನಾಗಿ ಕ್ಲೀನ್ ಮಾಡಿ, ಸ್ವಲ್ಪನೂ ಬಿಡ್ಬೇಡಿ" ಎಂದೆ.

ಮಂಗಳವಾರ ಹೋದಾಗ ಅವನು ಬೆವರು ಒರೆಸಿಕೊಳ್ಳುತ್ತಿದ್ದ. "ಎಂಥ ಟೇಪ್ ಕೊಟ್ರಿ ಸಾರ್! ಬರೀ ಟಿಕ್‌ಟಿಕ್, ಕರಕರ. ಎಲ್ಲಾ ತೆಗ್ದೆ. ಆದ್ರೆ ಕೆಳಗೆ ಹಾಡೇ ಇರ್ಲಿಲ್ಲ."

ಕ್ಲೀನ್ ಮಾಡುವ ಮೊದಲು ಇಳಿಸಿಕೊಂಡದ್ದು ಎಲ್ಲಿ ಎಂದೆ. ಅಳಿಸಿದ್ದನಂತೆ. ಸ್ಪೂಲಿನಲ್ಲಿ ಲೇಪ ಕಳೆದುಕೊಂಡ ಪ್ಲಾಸ್ಟಿಕ್ ಪಟ್ಟಿಯಷ್ಟೇ ಉಳಿದಿತ್ತು.

ಮನೆಗೆ ಬಂದು ಎಲ್ಲ ಹೇಳಿದೆ. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಆ ಖಾಲಿ ಹನ್ನೊಂದು ನಿಮಿಷವನ್ನೂ ಪೂರ್ತಿ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಬರಲ್ಲ ಅಂತ ಅವ್ರಿಗೆ ಹೇಳ್ಬಿಡು" ಎಂದಳು. ಆಮೇಲೆ ಮೇಜಿನ ಮೇಲೆ ಬೆರಳು ಆಡಿಸುತ್ತ, "ಮೊದ್ಲು ಒಂದು ಟಿಕ್. ಆಮೇಲೆ... ಆಮೇಲೆ ಏನಿತ್ತೋ? ಮಾಡಿದೋಳು ನಾನು, ನನಗೇ ತಪ್ಪಿಹೋಗ್ತಿದೆ" ಎಂದಳು.

ನಾನು ಬಾಯಿ ತೆರೆದದ್ದು ಕ್ಷಮಿಸು ಎನ್ನಲು. ಬಂದದ್ದು ಬೇರೆ. ನಾಲಿಗೆ ತಾನಾಗಿಯೇ ಅಂಗುಳಿಗೆ ಬಡಿಯಿತು: ಟಿಕ್. ಮನಸ್ಸಿನಲ್ಲೇ ಏಳು ಎಣಿಸಿದೆ. ಟಿಕ್, ಟಿಕ್. ಮತ್ತೆ ನಾಲ್ಕು. ಗಂಟಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಮೂಗಿನಲ್ಲಿ ಟ್ಯಾಂಕಿನ ನೀರು ಗುಳುಗುಳು ಏರತೊಡಗಿತು. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯದು, ಆದರೆ ಮುಂದಿನದು, ಅದರ ಮುಂದಿನದು, ಎಲ್ಲವೂ ಸರದಿಯಂತೆ ಬಂದವು. ಕಣ್ಣೀರು ಸುರಿಯುತ್ತಿದ್ದರೂ ಎಣಿಕೆ ತಪ್ಪಲಿಲ್ಲ.

ಅಕ್ಕ ಹೆಡ್‌ಫೋನ್ ತೆಗೆದಿಟ್ಟಳು. "ಆಗೆಲ್ಲ ಕೇಳ್ತಾ ಇದ್ದೆಯೇನೋ ನೀನು?"

ಇಲ್ಲ, ತಮಾಷೆ ಮಾಡ್ತಾ ಇದ್ದೆ ಎನ್ನಬೇಕಿತ್ತು. "ಕೇಳ್ತಾ ಇದ್ದೆ ಅಕ್ಕ" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕುರ್ಚಿ ಹತ್ತಿರ ಎಳೆದು ನನ್ನ ಮೊಣಕಾಲಿಗೆ ಒಂದು ತಟ್ಟಿದಳು. "ಸರಿ, ಅಳೋದು ನಿಲ್ಲಿಸಿ ಮೊದಲಿಂದ ಬಾ. ಕುರ್ಚಿ ಸದ್ದನ್ನ ನೀನು ಬೇಗ ತಂದ್ಬಿಟ್ಟೆ."